ಅಮ್ಮನಿಗೆ ಹೇಳಲು ಹೆದರುವ ಮಕ್ಕಳು

ಪೀಣ್ಯದ ಗಾರ್ಮೆಂಟ್ಸ್‌ಗಳಲ್ಲಿ ಸಂಜೆ ಕೆಲಸ ಬಿಡುವ ಹೊತ್ತಿಗೆ ಶಾಲೆ ಬಿಟ್ಟು ಎರಡು ಮೂರು ಗಂಟೆಗಳು ಕಳೆದಿರುತ್ತವೆ. ಅಷ್ಟು ಹೊತ್ತು ಮಕ್ಕಳು ಎಲ್ಲಿರುತ್ತಾರೆ? ಲಗ್ಗೆರೆ, ರಾಜಗೋಪಾಲನಗರ, ದಾಸರಹಳ್ಳಿಯ ಬಾಡಿಗೆ ಮನೆಗಳಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತಿರುತ್ತಾರೆ. 'ಯಾರು ಬಂದು ಬಡಿದರೂ ಬಾಗಿಲು ತೆರೆಯಬೇಡಿ' ಎಂದು ತಾಯಿ ಬೆಳಿಗ್ಗೆಯೇ ಹೇಳಿ ಹೋಗಿರುತ್ತಾಳೆ. ಮಕ್ಕಳು ಮಾತು ಮೀರುವುದೂ ಇಲ್ಲ. ಬಾಗಿಲು ತೆರೆಯುವುದಿಲ್ಲ. ಆದರೆ ಅವರ ಕೈಯಲ್ಲಿ ಮೊಬೈಲ್ ಇದೆ.

ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಕಥೆ ತುಸು ಬೇರೆ. ಅಲ್ಲಿ ತಂದೆ ತಾಯಿ ಇಬ್ಬರೂ ಕಂಪೆನಿಯಲ್ಲಿ ದುಡಿಯುತ್ತಾರೆ, ಮಗುವಿಗೆ ತನ್ನದೇ ಕೋಣೆ, ತನ್ನದೇ ಟ್ಯಾಬ್, ಹಗಲಿರುಳು ವೈಫೈ. ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರ, ಹೆಬ್ಬಗೋಡಿಯ ಕಡೆ ಮನೆಗೆ ಒಂದೇ ಫೋನು. ಅದು ಅಪ್ಪನ ಜೊತೆ ಪಾಳಿಗೆ ಹೋಗಿ ರಾತ್ರಿ ಮನೆಗೆ ಬಂದು ಮಕ್ಕಳ ಕೈ ಸೇರುತ್ತದೆ. ಸಂಬಳದಲ್ಲಿ, ಮನೆಯ ಅಳತೆಯಲ್ಲಿ ಎಷ್ಟೇ ವ್ಯತ್ಯಾಸವಿರಲಿ, 2020ರ ಕೊರೋನಾ ಕಾಲದಲ್ಲಿ ಆನ್‌ಲೈನ್ ತರಗತಿಗೆಂದು ಮಕ್ಕಳ ಕೈಗೆ ಕೊಟ್ಟ ಫೋನನ್ನು ಮರಳಿ ಪಡೆಯಲು ಹೆಚ್ಚಿನವರಿಗೆ ಆಗಲಿಲ್ಲ. ಈಗ ಹೋಂವರ್ಕ್ ಕೂಡ ವಾಟ್ಸ್ಆ್ಯಪ್ ಗುಂಪಿನಲ್ಲೇ ಬರುತ್ತದೆ. ಆದ್ದರಿಂದ 'ಮಕ್ಕಳಿಗೆ ಮೊಬೈಲ್ ಕೊಡಲೇಬೇಡಿ' ಎಂಬ ಉಪದೇಶವನ್ನು ನಾನು ಇಲ್ಲಿ ಮಾಡುವುದಿಲ್ಲ. ಅದು ಕೇಳಲು ಚೆನ್ನ, ಪಾಲಿಸಲು ಯಾರಿಂದಲೂ ಆಗದು.

ಅಪಾಯ ಬರುವುದು ಹೇಗೆ ಎಂದು ತಿಳಿದುಕೊಳ್ಳಿ. ಅದು ರಾಕ್ಷಸನ ವೇಷದಲ್ಲಿ ಬರುವುದಿಲ್ಲ. ಆಟದ ಆ್ಯಪ್‌ನಲ್ಲಿ ಜೊತೆಗೆ ಆಡುವ 'ಅಣ್ಣ'ನಾಗಿ, ಇನ್‌ಸ್ಟಾಗ್ರಾಮ್‌ನಲ್ಲಿ ಹೊಗಳುವ 'ಗೆಳತಿ'ಯಾಗಿ ಬರುತ್ತದೆ. ಹುಡುಗಿಯ ಹೆಸರಿನ ಖಾತೆಯ ಹಿಂದೆ ಮೂವತ್ತು ವರ್ಷದ ಗಂಡಸಿರಬಹುದು. ಮೊದಲ ವಾರ ಶಾಲೆಯ ಮಾತು. ಬಳಿಕ 'ನಿನ್ನ ಅಮ್ಮ ನಿನ್ನನ್ನು ಅರ್ಥ ಮಾಡಿಕೊಳ್ಳುವುದಿಲ್ಲ' ಎಂಬ ಅನುಕಂಪ. ಆಮೇಲೆ 'ನಮ್ಮಿಬ್ಬರ ಮಾತು ಯಾರಿಗೂ ಹೇಳಬೇಡ' ಎಂಬ ಕರಾರು. ನಂತರ ಒಂದು ಫೋಟೋ. ಫೋಟೋ ಕೈಗೆ ಸಿಕ್ಕಿದ ಕ್ಷಣ ದನಿ ಬದಲಾಗುತ್ತದೆ: ಇನ್ನೊಂದು ಕಳಿಸು, ಇಲ್ಲವಾದರೆ ನಿನ್ನ ಅಪ್ಪನಿಗೆ ಕಳಿಸುತ್ತೇನೆ. ಹುಡುಗರ ವಿಷಯದಲ್ಲಿ ಬೇಡಿಕೆ ಹೆಚ್ಚಾಗಿ ಹಣದ್ದಾಗಿರುತ್ತದೆ. ಹುಡುಗರಿಗೆ ಇಂತಹದ್ದೆಲ್ಲ ಆಗುವುದಿಲ್ಲ ಎಂಬ ಧೈರ್ಯ ನಮ್ಮಲ್ಲಿ ಹಲವರಿಗಿದೆ. ಅದು ತಪ್ಪು ಧೈರ್ಯ.

ಈ ಬೆದರಿಕೆಯ ಬಲ ಎಲ್ಲಿದೆ ಎಂದು ಯೋಚಿಸಿದ್ದೀರಾ? ಅದು ಆ ಫೋಟೋದಲ್ಲಿಲ್ಲ. 'ನಿನ್ನ ಮನೆಯವರಿಗೆ ಹೇಳುತ್ತೇನೆ' ಎಂಬ ಮಾತಿನಲ್ಲಿದೆ. ಅಂದರೆ ಆ ದುಷ್ಟ ನಮ್ಮ ಮಕ್ಕಳನ್ನು ಹೆದರಿಸುವುದು ನಮ್ಮನ್ನೇ ಆಯುಧವಾಗಿಸಿಕೊಂಡು! ಹೆಣ್ಣುಮಕ್ಕಳನ್ನು ಓದಿಸುವ ಕೆಲಸದಲ್ಲಿರುವ ನಾನು ಅವರ ಬಾಯಿಂದ ಮತ್ತೆ ಮತ್ತೆ ಕೇಳಿದ ಮಾತಿದು: ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಶಾಲೆ ಬಿಡಿಸುತ್ತಾರೆ, ಮದುವೆ ಮಾಡಿಬಿಡುತ್ತಾರೆ. ಹತ್ತನೇ ತರಗತಿಯ ಹುಡುಗಿಗೆ ಶಾಲೆ ಬಿಡುವುದೆಂದರೆ ಬದುಕೇ ಮುಗಿದಂತೆ. ಆದ್ದರಿಂದ ಆಕೆ ಸುಮ್ಮನಿರುತ್ತಾಳೆ, ಬೆದರಿಸುವವನು ಹೇಳಿದಂತೆ ಕೇಳುತ್ತಾಳೆ. ತಪ್ಪು ಮಾಡಿದವನು ಎಲ್ಲೋ ಕುಳಿತಿರುವಾಗ ಶಿಕ್ಷೆ ಮಾತ್ರ ನಮ್ಮ ಮಗಳಿಗೆ. ಇದು ಯಾವ ನ್ಯಾಯ?

ಹಾಗಾಗಿ ಸಹೋದರಿಯರೇ, ಈ ವಿಷಯದಲ್ಲಿ ಮೊದಲು ಮಾಡಬೇಕಾದ ಕೆಲಸಕ್ಕೆ ಯಾವ ಆ್ಯಪ್ ಕೂಡ ಬೇಡ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗಳಿಗೂ ಮಗನಿಗೂ ಹೀಗೆ ಹೇಳಿ: 'ಫೋನಿನಲ್ಲಿ ಯಾರಾದರೂ ಕೆಟ್ಟದ್ದು ಕೇಳಿದರೆ, ಹೆದರಿಸಿದರೆ, ನೀನೇ ಏನಾದರೂ ಕಳಿಸಿಬಿಟ್ಟಿದ್ದರೂ ಸರಿ, ನನಗೆ ಹೇಳು. ನಾನು ಹೊಡೆಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ.' ಒಮ್ಮೆ ಹೇಳಿದರೆ ಸಾಲದು. ಮಕ್ಕಳು ಈ ಮಾತನ್ನು ಪರೀಕ್ಷಿಸುತ್ತಾರೆ. ಮೊದಲು ಸಣ್ಣ ವಿಷಯವೊಂದನ್ನು ಹೇಳಿ ನಿಮ್ಮ ಮುಖ ನೋಡುತ್ತಾರೆ. ಆಗ ನೀವು ರೇಗಿದರೆ ದೊಡ್ಡ ವಿಷಯ ಎಂದೂ ನಿಮ್ಮ ಬಳಿ ಬಾರದು.

ಪ್ರವಾದಿವರ್ಯರ(ಸ) ಬಳಿಗೆ ಯುವಕನೊಬ್ಬ ಬಂದು ವ್ಯಭಿಚಾರಕ್ಕೆ ಅನುಮತಿ ಕೇಳಿದ ಘಟನೆ ಮುಸ್ನದ್ ಅಹ್ಮದ್‌ನಲ್ಲಿದೆ. ಸುತ್ತಲಿದ್ದವರು ಅವನನ್ನು ಗದರಿಸಿದರು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರಕ್ಕೆ ಕರೆದು ಕುಳ್ಳಿರಿಸಿಕೊಂಡರು. ನಿನ್ನ ತಾಯಿಯ ವಿಷಯದಲ್ಲಿ ಇದನ್ನು ಇಷ್ಟಪಡುವೆಯಾ, ಮಗಳ ವಿಷಯದಲ್ಲಿ, ಸಹೋದರಿಯ ವಿಷಯದಲ್ಲಿ ಎಂದು ಒಂದೊಂದಾಗಿ ಕೇಳಿದರು. ಬಳಿಕ ಅವನ ಮೇಲೆ ಕೈಯಿಟ್ಟು ದುಆ ಮಾಡಿದರು. ನಾವು ಈ ಹದೀಸನ್ನು ಸಭೆಗಳಲ್ಲಿ ಹೇಳುತ್ತೇವೆ. ಆದರೆ ಮಗನ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ಕಂಡ ದಿನ ನಮಗೆ ಇದರ ನೆನಪಾಗುವುದಿಲ್ಲ!

ಹಾಗಾದರೆ ಮಕ್ಕಳ ಫೋನನ್ನು ಕದ್ದು ನೋಡಬಹುದೇ? ಅನೇಕ ತಾಯಂದಿರು ಕೇಳುವ ಪ್ರಶ್ನೆಯಿದು. ಕುರ್‌ಆನ್ ಪರರ ಗುಟ್ಟನ್ನು ಕೆದಕುವುದನ್ನು ತಡೆದಿದೆ (ಅಲ್ ಹುಜುರಾತ್: 12). ಮನೆಯವರ ಬಗ್ಗೆ ನಾವು ಹೊಣೆಗಾರರು ಎಂದೂ ಹದೀಸ್ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಇವೆರಡರ ನಡುವೆ ಘರ್ಷಣೆಯಿಲ್ಲ. ಹತ್ತು ವರ್ಷದ ಮಗುವಿನ ಫೋನ್ ತಾಯಿಯ ಫೋನೇ ಆಗಿರಲಿ, ತೆರೆದೇ ನೋಡಿ. ಹದಿನಾಲ್ಕು ಹದಿನೈದು ದಾಟಿದವರಿಗೆ 'ವಾರಕ್ಕೊಮ್ಮೆ ಇಬ್ಬರೂ ಸೇರಿ ನೋಡೋಣ' ಎಂದು ಮೊದಲೇ ತಿಳಿಸಿ, ಎದುರಿಗೇ ನೋಡಿ. ನಿದ್ದೆಯಲ್ಲಿರುವ ಮಗಳ ಬೆರಳನ್ನು ಒತ್ತಿ ಫೋನ್ ತೆರೆಯುವುದು ಮೇಲ್ವಿಚಾರಣೆಯಲ್ಲ. ಅದು ಗೂಢಚರ್ಯೆ. ಗೊತ್ತಾದ ದಿನ ಮಗಳು ಎರಡನೇ ಖಾತೆ ತೆರೆಯುತ್ತಾಳೆ.

ಸೂರಃ ಅನ್ನೂರ್‌ನ 58ನೇ ವಚನವನ್ನು ಈ ಸಂದರ್ಭದಲ್ಲಿ ಓದಿ ನೋಡಿ. ಫಜ್ರ್‌ಗೆ ಮುನ್ನ, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾದ ಬಳಿಕ, ಈ ಮೂರು ಹೊತ್ತುಗಳಲ್ಲಿ ಮನೆಯ ಚಿಕ್ಕ ಮಕ್ಕಳೂ ಅನುಮತಿ ಕೇಳಿಯೇ ಕೋಣೆಗೆ ಬರಬೇಕೆಂದು ಅಲ್ಲಿ ಕಲಿಸಲಾಗಿದೆ. ಮನೆಯ ಮಗುವೇ ಕೇಳಿ ಬರಬೇಕಾದ ಹೊತ್ತಿನಲ್ಲಿ ಊರು ಹೆಸರು ತಿಳಿಯದವನೊಬ್ಬ ರಾತ್ರಿ ಹನ್ನೊಂದಕ್ಕೆ ಮೊಬೈಲಿನ ಮೂಲಕ ನಮ್ಮ ಮಗಳ ಹಾಸಿಗೆಯ ತನಕ ಬರುತ್ತಾನಲ್ಲ! ಇಶಾದ ಬಳಿಕ ಎಲ್ಲರ ಫೋನೂ ಅಡುಗೆಮನೆಯ ಕಪಾಟಿನ ಮೇಲೆ ಎಂಬ ನಿಯಮವನ್ನು ಮಾಡಿ ನೋಡಿ. ಎಲ್ಲರದ್ದೂ ಎಂದರೆ ಅಪ್ಪನದ್ದೂ. ಅಪ್ಪ ರೀಲ್ಸ್ ನೋಡುತ್ತಾ ಮಲಗಿದರೆ ಈ ನಿಯಮ ಎರಡೇ ದಿನಕ್ಕೆ ಮುರಿಯುತ್ತದೆ.

ಇನ್ನು ಫೋಟೋಗಳ ವಿಷಯ. 2022ರ ಜನವರಿ 1ರಂದು ನೂರಕ್ಕೂ ಹೆಚ್ಚು ಮುಸ್ಲಿಮ್ ಮಹಿಳೆಯರ ಚಿತ್ರಗಳನ್ನು ಜಾಲತಾಣಗಳಿಂದ ಕದ್ದು 'ಬುಲ್ಲಿ ಬಾಯಿ' ಎಂಬ ಆ್ಯಪ್‌ನಲ್ಲಿ 'ಹರಾಜಿ'ಗಿಟ್ಟದ್ದನ್ನು ನೀವು ಮರೆತಿರಲಾರಿರಿ. ಅದಕ್ಕೆ ಮುನ್ನ 2021ರ ಜುಲೈಯಲ್ಲೂ ಇಂತಹದ್ದೇ ಇನ್ನೊಂದು ಆ್ಯಪ್ ಬಂದಿತ್ತು. ಬುಲ್ಲಿ ಬಾಯಿ ಪ್ರಕರಣದಲ್ಲಿ ಮುಂಬೈ ಪೊಲೀಸರು ಮೊದಲು ಹಿಡಿದದ್ದು ಯಾರನ್ನು? ನಮ್ಮ ಬೆಂಗಳೂರಿನಲ್ಲಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು. ನಂತರ ಉತ್ತರಾಖಂಡದ 18 ವರ್ಷದ ಯುವತಿ ಸಿಕ್ಕಿಬಿದ್ದಳು. ಅಸ್ಸಾಮಿನಲ್ಲಿ ಬಂಧಿತನಾದವನೂ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿ. ಅದೇ ವರ್ಷ ಫೆಬ್ರವರಿಯಲ್ಲಿ ಉಡುಪಿಯ ವಿದ್ಯಾರ್ಥಿನಿಯರ ಹೆಸರು, ವಿಳಾಸಗಳು ಜಾಲತಾಣದಲ್ಲಿ ಹರಿದಾಡಿದವು. ನಮ್ಮ ಹೆಣ್ಣುಮಕ್ಕಳು ಹೆಣ್ಣೆಂಬ ಕಾರಣಕ್ಕೂ ಮುಸ್ಲಿಮರೆಂಬ ಕಾರಣಕ್ಕೂ ಗುರಿಯಾಗುತ್ತಾರೆ ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆರೋಪಿಗಳ ವಯಸ್ಸು. ಅವರೂ ಯಾರದೋ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಿದ್ದ ಮಕ್ಕಳೇ. 'ಮಗ ಓದುತ್ತಿದ್ದಾನೆ' ಎಂದು ಅವರ ಮನೆಯವರೂ ನಂಬಿರಬೇಕು. ನಮ್ಮ ಹುಡುಗರು ಬೇರೆ ಸಮುದಾಯದ ಹುಡುಗಿಯರ ಬಗ್ಗೆ, ತಮ್ಮದೇ ತರಗತಿಯ ಹುಡುಗಿಯರ ಬಗ್ಗೆ ಗುಂಪುಗಳಲ್ಲಿ ಏನು ಬರೆಯುತ್ತಾರೆ ಎಂದು ನೀವು ಕೇಳಿದ್ದೀರಾ? ದೃಷ್ಟಿ ತಗ್ಗಿಸುವ ಆಜ್ಞೆ ಸೂರಃ ಅನ್ನೂರ್‌ನಲ್ಲಿ ಮೊದಲು ಬಂದಿರುವುದು ಪುರುಷರಿಗೆ, ಬಳಿಕ ಸ್ತ್ರೀಯರಿಗೆ. ನಾವು ಅದನ್ನು ತಲೆಕೆಳಗಾಗಿಸಿ ಮಗಳ ಡಿಪಿಯನ್ನು ಮಾತ್ರ ಪರೀಕ್ಷಿಸುತ್ತೇವೆ.

ಡಿಪಿಯಲ್ಲಿ ಮುಖ ಬೇಡ ಎನ್ನುವುದು ಒಳ್ಳೆಯ ಎಚ್ಚರಿಕೆಯೇ. ಆದರೆ ಅಷ್ಟರಿಂದಲೇ ರಕ್ಷಣೆ ಸಿಕ್ಕಿತೆಂದು ಭಾವಿಸಬೇಡಿ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣರ ಮುಖವನ್ನು ಇನ್ನೊಬ್ಬಳ ದೇಹಕ್ಕೆ ಜೋಡಿಸಿದ ವೀಡಿಯೋ ದೇಶವೆಲ್ಲ ಹರಡಿತು. ಇಂದು ಅಂತಹ ನಕಲಿ ಚಿತ್ರ ಮಾಡಲು ಶಾಲೆಯ ಗ್ರೂಪ್ ಫೋಟೋ ಸಾಕು. ಹಾಗಾಗಿ ಮಗಳ ಹೆಸರಿನಲ್ಲಿ ಕೆಟ್ಟ ಚಿತ್ರವೊಂದು ಬಂದರೆ ನಿಮ್ಮ ಮೊದಲ ಪ್ರಶ್ನೆ 'ನೀನೇಕೆ ಕಳಿಸಿದೆ?' ಎಂದಾಗದಿರಲಿ. ಆಕೆ ಕಳಿಸಿಯೇ ಇರಲಾರಳು.

ತಾಯಂದಿರ ಫೋನಿನ ಬಗ್ಗೆಯೂ ಒಂದು ಮಾತು ಹೇಳಬೇಕು. 'ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಕಳಿಸಿ' ಎಂಬ ಸಂದೇಶ ಕುಟುಂಬದ ಗುಂಪಿಗೆ ಬಂದ ಕೂಡಲೇ ಮಕ್ಕಳ ಮೇಲಿನ ಪ್ರೀತಿಯಿಂದಲೇ ನಾವು ಅದನ್ನು ಮುಂದಕ್ಕೆ ದೂಡುತ್ತೇವೆ. ಅಂತಹ ವದಂತಿಯಿಂದಾಗಿ 2018ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲೇ ರಾಜಸ್ಥಾನದ ಯುವಕನೊಬ್ಬನನ್ನು ಹೊಡೆದು ಕೊಂದರು. ಅದೇ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಮುಸ್ಲಿಮ್ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಗುಂಪಿಗೆ ಬಲಿಯಾದರು. ಅವರ ಗೆಳೆಯರ ತಂಡ ಮಾಡಿದ 'ಅಪರಾಧ' ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು! ಸುದ್ದಿ ಬಂದರೆ ವಿಚಾರಿಸಿ ತಿಳಿಯಿರಿ ಎಂಬ ಆಜ್ಞೆ ಅಲ್ ಹುಜುರಾತ್‌ನ 6ನೇ ವಚನದಲ್ಲಿದೆ. ಮಕ್ಕಳು ಅದನ್ನು ಮದ್ರಸದಲ್ಲಿ ಬಾಯಿಪಾಠ ಮಾಡುತ್ತಾರೆ, ಮನೆಯಲ್ಲಿ ನಮ್ಮ ಬೆರಳನ್ನು ನೋಡುತ್ತಾರೆ.

ಫೋನಿನ ಒಳಗೆ ಮಾಡಬಹುದಾದ ಕೆಲಸಗಳು ಅರ್ಧ ಗಂಟೆಯವು. ವಾಟ್ಸ್ಆ್ಯಪ್‌ನ ಪ್ರೈವೆಸಿಯಲ್ಲಿ ಗುಂಪಿಗೆ ಸೇರಿಸುವ ಅವಕಾಶವನ್ನೂ ಪ್ರೊಫೈಲ್ ಫೋಟೋವನ್ನೂ 'ಮೈ ಕಾಂಟ್ಯಾಕ್ಟ್ಸ್'ಗೆ ಸೀಮಿತಗೊಳಿಸಿ, ಅಪರಿಚಿತರ ಕರೆಯನ್ನು ಮೌನಗೊಳಿಸಿ. ಮಗುವಿನದ್ದೇ ಆಂಡ್ರಾಯ್ಡ್ ಫೋನಿದ್ದರೆ ಗೂಗಲ್‌ನ 'ಫ್ಯಾಮಿಲಿ ಲಿಂಕ್' ಹಾಕಿಕೊಳ್ಳಿ. ಯಾವ ಆ್ಯಪ್ ಎಷ್ಟು ಹೊತ್ತು ಎಂಬುದು ನಿಮ್ಮ ಫೋನಿನಿಂದಲೇ ನಿರ್ಧಾರವಾಗುತ್ತದೆ. ಇನ್‌ಸ್ಟಾಗ್ರಾಮ್ 2025ರಲ್ಲಿ ಭಾರತದಲ್ಲೂ ಹದಿಹರೆಯದವರಿಗೆ ಪ್ರತ್ಯೇಕ ಖಾತೆ ತಂದಿದೆ. ಆದರೆ ಮಗ ಹುಟ್ಟಿದ ವರ್ಷವನ್ನು ಸುಳ್ಳು ಬರೆದಿದ್ದರೆ ಅದು ಕೆಲಸಕ್ಕೆ ಬಾರದು. ಒಮ್ಮೆ ಅವನ ಜೊತೆ ಕುಳಿತು ಅದನ್ನು ನೋಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನಿನ ಮೂಲಕ ನಿಷೇಧಿಸಿದೆ. ಯಾರಾದರೂ ಕಮಿಷನ್ ಕೊಡುತ್ತೇವೆಂದು ಮಗನ ಬ್ಯಾಂಕ್ ಖಾತೆ ಕೇಳಿದರೆ ಅದು ವಂಚಕರ ಹಣ ಸಾಗಿಸಲು ಎಂದೇ ತಿಳಿಯಿರಿ. ಊಟ ನಿದ್ದೆ ಬಿಟ್ಟು ಫೋನಿಗೆ ಅಂಟಿಕೊಂಡ ಮಕ್ಕಳಿಗಾಗಿ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಎಂಬ ಚಿಕಿತ್ಸಾಲಯವೇ ಇದೆ. ಮಗುವಿಗೆ ಹುಚ್ಚು ಎಂದು ಯಾರಾದರೂ ಆಡಿಕೊಂಡಾರು ಎಂದು ಹಿಂಜರಿಯಬೇಡಿ.

ಇಷ್ಟಾದರೂ ಆಗಬಾರದ್ದು ಆದರೆ? ಹಣ ಕೊಡಬೇಡಿ. ಒಮ್ಮೆ ಕೊಟ್ಟರೆ ಬೇಡಿಕೆ ಹೆಚ್ಚುತ್ತಲೇ ಹೋಗುತ್ತದೆ. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಬೇಡಿ. ಬೆದರಿಕೆಯ ಮಾತುಗಳ, ಖಾತೆಯ ಹೆಸರಿನ, ನಂಬರಿನ ಸ್ಕ್ರೀನ್‌ಶಾಟ್ ತೆಗೆದಿಟ್ಟು ಬಳಿಕ ಅವನನ್ನು ಬ್ಲಾಕ್ ಮಾಡಿ. ಆದರೆ ಮಗುವಿನ ಅಶ್ಲೀಲ ಚಿತ್ರವನ್ನು 'ಸಾಕ್ಷಿ'ಗೆಂದು ಚಿಕ್ಕಪ್ಪನಿಗೆ, ಮಾವನಿಗೆ ಕಳಿಸಬೇಡಿ. ಅಂತಹ ಚಿತ್ರವನ್ನು ಹಂಚುವುದು ಐಟಿ ಕಾಯಿದೆಯ 67ಬಿ ಕಲಮಿನಡಿ ಅಪರಾಧ. ಇಟ್ಟುಕೊಂಡು ನೋಡುವುದೂ ಅಪರಾಧವಾಗುತ್ತದೆಂದು ಸುಪ್ರೀಮ್ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಫೋನನ್ನೇ ಪೊಲೀಸರಿಗೆ ತೋರಿಸಿ. ಚಿತ್ರ ಹರಡದಂತೆ ತಡೆಯಲು 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗದು, ಅದರ ಗುರುತು ಸಂಖ್ಯೆ ಮಾತ್ರ ಹೋಗುತ್ತದೆ.

ಇಲ್ಲಿ ಕೆಲವು ಹಿರಿಯರು ಮುಂದೆ ಬಂದು 'ಮರ್ಯಾದೆಯ ಪ್ರಶ್ನೆ, ಜಮಾಅತಿನಲ್ಲೇ ಮುಗಿಸೋಣ' ಎನ್ನುತ್ತಾರೆ. ಅವರ ಕಳಕಳಿಯನ್ನು ಗೌರವಿಸೋಣ, ಮಾತನ್ನು ಒಪ್ಪುವುದು ಬೇಡ. 18 ತುಂಬದ ಮಗುವನ್ನು ಕೆಟ್ಟ ಉದ್ದೇಶದಿಂದ ಫೋನಿನಲ್ಲಿ ಮತ್ತೆ ಮತ್ತೆ ಕಾಡುವುದು, ಅಶ್ಲೀಲ ಚಿತ್ರ ಬಹಿರಂಗ ಮಾಡುತ್ತೇನೆಂದು ಬೆದರಿಸುವುದು 2012ರ ಪೋಕ್ಸೋ ಕಾಯಿದೆಯಡಿ ಅಪರಾಧ. ಗೊತ್ತಿದ್ದೂ ದೂರು ಕೊಡದಿರುವುದೂ ಶಿಕ್ಷಾರ್ಹ. ಆ ದುಷ್ಟನನ್ನು ಇಲ್ಲಿ ರಾಜಿ ಮಾಡಿ ಕಳುಹಿಸಿದರೆ ಅವನು ಮುಂದಿನ ಬೀದಿಯ ಮಗುವಿನ ಬಳಿಗೆ ಹೋಗುತ್ತಾನೆ.

ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿಷಯದ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಠಾಣೆಯ ವ್ಯಾಪ್ತಿಯ ಚಿಂತೆ ಬೇಡ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಂಹಿತೆಯಂತೆ ಯಾವ ಠಾಣೆಯಲ್ಲೂ ದೂರು ಸ್ವೀಕರಿಸಬೇಕು. ಮಗುವನ್ನು ಠಾಣೆಯ ಮೆಟ್ಟಿಲು ಹತ್ತಿಸಬೇಕಾದೀತೆಂದು ಹೆದರುವವರು ಪೋಕ್ಸೋದ 24ನೇ ಕಲಮನ್ನು ನೆನಪಿಟ್ಟುಕೊಳ್ಳಿ: ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಿದ್ದಷ್ಟೂ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸುವಂತಿಲ್ಲ. ಮಗುವಿನ ಹೆಸರು, ಶಾಲೆ, ಚಿತ್ರ ಪತ್ರಿಕೆಯಲ್ಲಿ ಬರುವಂತಿಲ್ಲ. ಹೇಳಿಕೆ ಕೊಡುವಾಗ ತಂದೆ ತಾಯಿ ಅಥವಾ ಮಗು ನಂಬುವ ಬೇರೆ ಯಾರಾದರೂ ಪಕ್ಕದಲ್ಲಿರಬಹುದು. ಯಾರು ಇರಬೇಕೆಂದು ಮಗುವನ್ನೇ ಕೇಳಿ.