ಮಗು ಕಿತ್ತುಕೊಂಡರೆ ಕೇಸು ಮುಗಿಯುತ್ತೆ, ಸಮಸ್ಯೆ?

ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು: ಫ್ಯೂಸ್ ಪದೇ ಪದೇ ಹೋಗ್ತಿದ್ರೆ ಅದನ್ನೇ ಬದಲಾಯಿಸ್ತಾ ಕೂರಬೇಡ, ಶಾರ್ಟ್ ಎಲ್ಲಿದೆ ಹುಡುಕು. ಪತ್ರಕರ್ತನಾಗಿ ಕೋರ್ಟು ಸುತ್ತಿದ ಮೇಲೆ ಅನಿಸಿದ್ದು, ಅಲ್ಲಿ ಬಹುಪಾಲು ನಡೆಯೋದು ಫ್ಯೂಸ್ ಬದಲಾಯಿಸುವ ಕೆಲಸವೇ.

ಇಂಗ್ಲೆಂಡಿನ ಉದಾಹರಣೆ ನೋಡಿ. ತಾಯಿ ಕುಡಿತಕ್ಕೋ ಡ್ರಗ್ಸಿಗೋ ಬಿದ್ದು ಮಗು ಅಪಾಯದಲ್ಲಿದ್ದರೆ ಸ್ಥಳೀಯ ಆಡಳಿತ ಕೋರ್ಟಿಗೆ ಹೋಗುತ್ತದೆ. ಮಗು ಬೇರೆಯವರ ಮಡಿಲು ಸೇರಬಹುದು. ಆದರೆ ಚಟ ಹಾಗೇ ಉಳಿದರೆ ಮುಂದಿನ ಮಗುವಿಗೂ ಅದೇ ಕಟಕಟೆ. ಇಂಥ ಪ್ರಕರಣ ಎದುರಿಸಿದ ತಾಯಂದಿರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು 7 ವರ್ಷದೊಳಗೆ ಮತ್ತೆ ಕೋರ್ಟಿಗೆ ಬರುತ್ತಾರೆ ಎನ್ನುತ್ತದೆ ಅಲ್ಲಿನ ಸಂಶೋಧನೆ.

ಒಬ್ಬಳೇ ತಾಯಿಯಿಂದ ಮಗುವಾದ ಮೇಲೆ ಮಗುವನ್ನು ಬೇರ್ಪಡಿಸಿ ಬೇಸತ್ತ ನ್ಯಾಯಾಧೀಶ ನಿಕೋಲಸ್ ಕ್ರಿಕ್ಟನ್, 2008ರಲ್ಲಿ ಲಂಡನ್ನಿನಲ್ಲಿ ‘ಫ್ಯಾಮಿಲಿ ಡ್ರಗ್ ಅಂಡ್ ಆಲ್ಕೊಹಾಲ್ ಕೋರ್ಟ್’ ಶುರು ಮಾಡಿದರು. ಅದಕ್ಕೆ ಮಾದರಿ ಅಮೆರಿಕದ್ದು. ಅಲ್ಲಿ 1989ರಲ್ಲೇ ಮಯಾಮಿಯಲ್ಲಿ ಕ್ರಿಮಿನಲ್ ಕೇಸುಗಳಿಗೆ ಡ್ರಗ್ ಕೋರ್ಟ್ ಬಂದಿತ್ತು.

ಇಲ್ಲಿ ಕೇಸು ಮುಗಿಯುವವರೆಗೂ ಒಬ್ಬರೇ ನ್ಯಾಯಾಧೀಶರು. ಹದಿನೈದು ದಿನಕ್ಕೊಮ್ಮೆ ವಕೀಲರಿಲ್ಲದೆ ತಂದೆ-ತಾಯಿ ಜೊತೆ ನೇರ ಮಾತು: ಈ ವಾರ ಹೇಗಿತ್ತು, ಎಲ್ಲಿ ಎಡವಿದ್ರಿ? ಜೊತೆಗೆ ಸಮಾಜ ಕಾರ್ಯಕರ್ತರು, ಮನೋವೈದ್ಯರು, ವ್ಯಸನ ಚಿಕಿತ್ಸಕರ ತಂಡ. ನಿಯಮಿತ ಟೆಸ್ಟ್ ಇರುತ್ತೆ. ಮನೆ, ಸಾಲ, ಗಂಡನ ಹೊಡೆತ ಎಲ್ಲವೂ ಅದೇ ಟೇಬಲ್ಲಿಗೆ ಬರುತ್ತವೆ.

ಇದು ಬರೀ ಕರುಣೆಯಲ್ಲ. ಮಗು ಬೆಳೆಯೋದು ಅಮ್ಮನ ಚೇತರಿಕೆಗೆ ಕಾಯಲ್ಲ. ಬದಲಾವಣೆ ಆಗದಿದ್ದರೆ ಇದೇ ಕೋರ್ಟು ಮಗುವನ್ನು ಬೇರೆಡೆ ಕಳಿಸುತ್ತದೆ.

ಫಲಿತಾಂಶ? 2023ರ ಮೌಲ್ಯಮಾಪನದಲ್ಲಿ ಈ ಕೋರ್ಟಿಗೆ ಬಂದ ಮಕ್ಕಳಲ್ಲಿ 52% ಮಂದಿ ಪ್ರಕರಣದ ಕೊನೆಗೆ ತಮ್ಮ ಪೋಷಕರ ಜೊತೆ ಸೇರಿದ್ದರು; ಮಾಮೂಲಿ ಕೋರ್ಟುಗಳ ಹೋಲಿಕೆ ಗುಂಪಿನಲ್ಲಿ 12.5%. ಇದು ಲಾಟರಿ ಎತ್ತಿ ಕುಟುಂಬಗಳನ್ನು ಹಂಚಿ ಮಾಡಿದ ಪ್ರಯೋಗವಲ್ಲ, ಹಾಗಾಗಿ ಇಡೀ ಅಂತರದ ಶ್ರೇಯ ಕೋರ್ಟಿಗೇ ಅನ್ನಲಾಗದು. ಆದರೂ ಕಡೆಗಣಿಸುವಷ್ಟು ಚಿಕ್ಕ ಅಂತರ ಇದಲ್ಲ.

ಈಗ ನಮ್ಮಲ್ಲಿಗೆ ಬನ್ನಿ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ರಾಜಿಗೆ ಯತ್ನಿಸಿ ಅನ್ನುತ್ತೆ. ಆದರೆ ಗಂಡ ಕುಡಿದು ಹೊಡೆದರೆ 2005ರ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬೇಕು. ವಿಚ್ಛೇದನ, ಜೀವನಾಂಶ ಕೌಟುಂಬಿಕ ನ್ಯಾಯಾಲಯದಲ್ಲಿ. ಮಗುವಿಗೆ ರಕ್ಷಣೆ ಬೇಕಾದರೆ ಮಕ್ಕಳ ಕಲ್ಯಾಣ ಸಮಿತಿ. ಕುಡಿತ ಬಿಡಿಸೋಕೆ ಇನ್ಯಾವುದೋ ಆಸ್ಪತ್ರೆ. ಒಂದೇ ಮನೆ, ನಾಲ್ಕು ಫೈಲು. ಅವುಗಳ ನಡುವೆ ಓಡಾಡಿ ಸವೆಯೋದು ಆ ಹೆಂಗಸಿನ ಚಪ್ಪಲಿ.

ಹಾಗಂತ ಲಂಡನ್ ಮಾದರಿಯನ್ನು ಕಾಪಿ-ಪೇಸ್ಟ್ ಮಾಡಿ ಅಂತಿಲ್ಲ. ನಮ್ಮ ಮುಂದಿನ ಚುನಾವಣೆಯಲ್ಲಿ ‘ಕಠಿಣ ಶಿಕ್ಷೆ’ ಅಂತ ಭಾಷಣ ಮಾಡುವವರನ್ನು ಒಂದೇ ಪ್ರಶ್ನೆ ಕೇಳೋಣ: ಶಿಕ್ಷೆ ಆಯ್ತು ಸರ್, ಆಮೇಲೆ ಆ ಮನೆಯ ಮಗು ಎಲ್ಲಿ ಮಲಗುತ್ತೆ?