ಮುತ್ತಿನ ಪರೀಕ್ಷೆ, ಮುತ್ತಿನ ಪಾಲನೆ

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಾತಿನ ವಿಚಾರಕ್ಕೆ ಅದನ್ನು ಬಳಸುತ್ತೇವೆ. ಮುತ್ತಿನ ವಿಚಾರದಲ್ಲಿ ಅದೆಷ್ಟು ನಿಜವೆಂದು ಯೋಚಿಸುವವರು ವಿರಳ. ಚಿನ್ನ ಮುರಿದರೆ ಕರಗಿಸಿ ಮತ್ತೆ ಮಾಡಿಸಬಹುದು. ವಜ್ರ ಮಾಸಿದರೆ ತೊಳೆದರೆ ಸಾಕು. ಮುತ್ತು ಹಾಗಲ್ಲ. ಅಜ್ಜಿಯ ನತ್ತಿನಲ್ಲಿ ಬೆಳದಿಂಗಳಂತೆ ಹೊಳೆಯುತ್ತಿದ್ದ ಮುತ್ತು ಮೊಮ್ಮಗಳ ಕೈಗೆ ಬರುವ ಹೊತ್ತಿಗೆ ಸುಣ್ಣದ ಹರಳಿನಂತಾಗಿರುವುದುಂಟು. ಬಹುಮಟ್ಟಿಗೆ ಅದು ಮುತ್ತಿನ ದೋಷವಲ್ಲ, ಬಳಸಿದ ರೀತಿಯ ದೋಷ.

ಸ್ವಾತಿಯ ಮಳೆಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುವುದೆಂಬುದು ಕವಿಸಮಯ. ವಾಸ್ತವವನ್ನು ತಿಳಿಯಲು ನಮ್ಮ ಹೊಳೆಯ ದಂಡೆಗೆ ಹೋದರೂ ಸಾಕು. ಹಾವೇರಿ ಸೀಮೆಯ ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಕೂಡುತ್ತಾಳೆ. ಇಂಥ ಹೊಳೆಗಳ ಮಳಲಿನಲ್ಲಿ ಸಿಕ್ಕುವ ಕಪ್ಪೆಚಿಪ್ಪಿನ ಹೊರಮೈ ಒರಟು. ಒಳಮೈಯಲ್ಲಿ ಮಾತ್ರ ಕಾಮನಬಿಲ್ಲಿನ ಛಾಯೆ. ಆ ಒಳಮೈಯ ವಸ್ತುವೇ ಮುತ್ತಿನ ವಸ್ತು. ಚಿಪ್ಪಿನ ಜೀವಿಯ ಮೆತ್ತನೆಯ ಮೈಯೊಳಗೆ ಹೊರಗಿನದೇನಾದರೂ ಹೊಕ್ಕರೆ, ಅದು ಅದರ ಸುತ್ತಲೂ ಈ ವಸ್ತುವನ್ನು ಪದರಪದರವಾಗಿ ಸುತ್ತುತ್ತದೆ. ಪದರಗಳು ಸುಣ್ಣದ ಜಾತಿಯವು. ಅವುಗಳನ್ನು ಹಿಡಿದಿಡುವುದು ಜೀವಿಯೇ ಸ್ರವಿಸಿದ ಅಂಟು. ಬೆಳಕು ಈ ತೆಳುವಾದ ಪದರಗಳನ್ನು ಹೊಕ್ಕು ಮರಳಿ ಬರುವುದರಿಂದಲೇ ಮುತ್ತಿಗೆ ಒಳಗಿನಿಂದ ಬಂದಂಥ ಕಾಂತಿ. ಇಷ್ಟು ತಿಳಿದರೆ ಪರೀಕ್ಷೆ, ಪಾಲನೆ ಎರಡಕ್ಕೂ ದಾರಿ ದೊರೆತಂತೆ.

ಮುತ್ತಿನ ಪರೀಕ್ಷೆ ನಮಗೆ ಹೊಸ ವಿದ್ಯೆಯಲ್ಲ. ಗಳಗನಾಥದ ಗಳಗೇಶ್ವರ ದೇವಾಲಯ ಕಲ್ಯಾಣದ ಚಾಲುಕ್ಯರ ಕಾಲದ್ದು. ಅದೇ ವಂಶದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರತ್ನಪರೀಕ್ಷೆಗೂ ಸ್ಥಾನವಿದೆ. ಅದಕ್ಕೂ ಹಿಂದಿನ ಕೌಟಿಲ್ಯನ ‘ಅರ್ಥಶಾಸ್ತ್ರ’ವು ಒಳ್ಳೆಯ ಮುತ್ತು ದಪ್ಪ, ದುಂಡು, ಹೊಳಪು, ಬಿಳುಪು, ತೂಕ, ನುಣುಪುಗಳಿಂದ ಕೂಡಿರಬೇಕೆನ್ನುತ್ತದೆ. ‘ದೇಶವಿದ್ಧ’ವೂ ಆಗಿರಬೇಕೆಂಬುದು ಅದರ ಇನ್ನೊಂದು ಲಕ್ಷಣ, ಎಂದರೆ ರಂಧ್ರವು ತಕ್ಕ ಜಾಗದಲ್ಲಿ ಬಿದ್ದಿರಬೇಕು. ರಂಧ್ರ ಓರೆಯಾದರೆ ಸರದಲ್ಲಿ ಮುತ್ತು ವಾಲಿ ನಿಲ್ಲುತ್ತದಷ್ಟೆ.

ಇಂದು ಕೊಳ್ಳುವವರೂ ಇದೇ ಲಕ್ಷಣಗಳನ್ನು ನೋಡಬೇಕು; ಆದರೆ ಕಾಂತಿಗೆ ಮೊದಲ ಸ್ಥಾನ. ಅಂಗಡಿಯ ದೀಪವನ್ನು ನಂಬದೆ, ಹಗಲು ಬೆಳಕಿಗೆ ತಂದು ಬಿಳಿಯ ಬಟ್ಟೆಯ ಮೇಲಿಟ್ಟು ನೋಡಿರಿ. ಕಿಟಕಿಯ ಬಿಂಬ ಮುತ್ತಿನ ಮೇಲೆ ಸ್ಪಷ್ಟವಾಗಿ ಮೂಡಿದರೆ ಕಾಂತಿ ಉತ್ತಮ. ಸೀಮೆಸುಣ್ಣದಂತೆ ಮಂಕಾಗಿದ್ದರೆ ಪದರ ತೆಳುವೆಂದು ಶಂಕಿಸಬೇಕು. ಬಳಿಕ ಉರುಳಿಸಿ ನೋಡಿ ದುಂಡನ್ನೂ, ತಿರುಗಿಸಿ ನೋಡಿ ಗೀರು, ಕುಳಿ, ಬಿರುಕುಗಳನ್ನೂ ಗಮನಿಸಬೇಕು. ಮಂಕಾದ ದೊಡ್ಡ ಮುತ್ತಿಗಿಂತ ಕಾಂತಿಯುಳ್ಳ ಚಿಕ್ಕ ಮುತ್ತು ಮೇಲು.

ಈಗ ಅಂಗಡಿಗೆ ಬರುವ ಮುತ್ತುಗಳಲ್ಲಿ ಬಹುಪಾಲು ಸಾಕಿದ ಮುತ್ತುಗಳು. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆದುಂಡಿನ ಮುತ್ತನ್ನು ಬೆಳೆಸಿ ತೋರಿದನು. ನಮ್ಮ ದೇಶದಲ್ಲಿ 1973ರಲ್ಲಿ ತೂತ್ತುಕುಡಿಯಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಇದನ್ನು ಸಾಧಿಸಿತು. ಸಾಕಿದ ಮುತ್ತು ಸುಳ್ಳು ಮುತ್ತಲ್ಲ. ಬೀಜವನ್ನು ಇಡುವವನು ಮನುಷ್ಯ, ಪದರ ಸುತ್ತುವುದು ಜೀವಿಯೇ. ಸುಳ್ಳು ಮುತ್ತೆಂದರೆ ಬಣ್ಣ ಬಳಿದ ಗಾಜು ಅಥವಾ ಪ್ಲಾಸ್ಟಿಕ್ ಮಣಿ. ಹಲ್ಲಿನ ಅಂಚಿಗೆ ಮೆಲ್ಲನೆ ತಾಗಿಸಿದರೆ ನಿಜ ಮುತ್ತು ಕೊಂಚ ಮರಳುಮರಳೆನಿಸುತ್ತದೆ, ಗಾಜು ಸಾಮಾನ್ಯವಾಗಿ ಜಾರುತ್ತದೆ. ಸುಳ್ಳು ಮುತ್ತಿನ ರಂಧ್ರದ ಬಾಯಲ್ಲಿ ಬಣ್ಣದ ಸಿಪ್ಪೆ ಎದ್ದಿರುವುದೂ ಉಂಟು. ಆದರೆ ಕಡಲಲ್ಲಿ ತಾನಾಗಿ ಹುಟ್ಟಿದ್ದು ಯಾವುದು, ಸಾಕಿದ್ದು ಯಾವುದೆಂಬುದನ್ನು ಹಲ್ಲು ಹೇಳಲಾರದು. ಅದಕ್ಕೆ ಪ್ರಯೋಗಾಲಯದ ಎಕ್ಸ್‌ರೇ ಪರೀಕ್ಷೆಯೇ ಬೇಕು. ಬೆಲೆ ಹೆಚ್ಚಿದ್ದರೆ ಪ್ರಮಾಣಪತ್ರ ಕೇಳುವುದು ಲೇಸು. ಸುಟ್ಟು ನೋಡುವ, ಹುಳಿ ಹಾಕಿ ನೋಡುವ ಪರೀಕ್ಷೆಗಳು ಮಾತ್ರ ಬೇಡ. ಅವು ನಿಜ ಮುತ್ತನ್ನೇ ಕೆಡಿಸುತ್ತವೆ.

ಈ ಹುಳಿಯ ಮಾತನ್ನು ಗೃಹಿಣಿಯರು ವಿಶೇಷವಾಗಿ ನೆನಪಿಡಬೇಕು. ಈಜಿಪ್ಟಿನ ರಾಣಿ ಕ್ಲಿಯೋಪಾತ್ರಳು ಮುತ್ತನ್ನು ಹುಳಿಯಲ್ಲಿ ಕರಗಿಸಿ ಕುಡಿದಳೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಕಥೆ ಹೇಗೇ ಇರಲಿ, ಹುಳಿಯು ಮುತ್ತನ್ನು ತಿನ್ನುವುದು ನಿಜ. ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಿಂಬೆಹಣ್ಣು, ತಲೆಗೆ ಹಚ್ಚುವ ಸೀಗೆಕಾಯಿ, ಕಡೆಗೆ ನಮ್ಮ ಬೆವರು ಕೂಡ ಮುತ್ತಿಗೆ ಹಿತವಲ್ಲ. ಆದ್ದರಿಂದ ಸ್ನಾನಕ್ಕೂ ಅಡುಗೆಗೂ ಮುತ್ತನ್ನು ತೆಗೆದಿಡಬೇಕು. ಎಣ್ಣೆ, ಪೌಡರು, ಅತ್ತರುಗಳ ಅಲಂಕಾರವೆಲ್ಲ ಮುಗಿದ ಮೇಲೆ ಧರಿಸಿ, ಮನೆಗೆ ಬಂದೊಡನೆ ಮೊದಲು ಅದನ್ನೇ ತೆಗೆಯಬೇಕು. ಮೆತ್ತನೆಯ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಒರೆಸಿ, ನೆರಳಿನಲ್ಲಿ ಆರಿಸಿ ಇಡಬೇಕು. ಚಿನ್ನ, ಹರಳುಗಳ ಜೊತೆಗಿಟ್ಟರೆ ಗೀರು ಬೀಳುತ್ತದೆ. ಬೇರೆಯೇ ಒಂದು ಬಟ್ಟೆಯ ಚೀಲವಿರಲಿ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಮುಚ್ಚಿಡುವುದಕ್ಕಿಂತ ಆಗಾಗ ಧರಿಸಿ ಒರೆಸುವುದು ಒಳ್ಳೆಯದು.

ಸರವನ್ನು ರೇಷ್ಮೆಯ ದಾರದಲ್ಲಿ, ಮುತ್ತು ಮುತ್ತಿನ ನಡುವೆ ಗಂಟು ಹಾಕಿಸಿ ಪೋಣಿಸಿದರೆ, ದಾರ ಹರಿದರೂ ಒಂದೇ ಮುತ್ತು ಉದುರುತ್ತದೆ. ದಾರ ಸಡಿಲಾದೊಡನೆ ಮತ್ತೆ ಪೋಣಿಸಬೇಕು. ನತ್ತು, ಬುಗುಡಿಗಳನ್ನು ಬೆಸುಗೆಗೆ ಕೊಡುವಾಗ ಮುತ್ತನ್ನು ಬಿಡಿಸಿ ಕೊಡಲು ಅಕ್ಕಸಾಲಿಗನಿಗೆ ಮರೆಯದೆ ಹೇಳಿರಿ. ಬೆಸುಗೆಯ ಕಾವಿಗೆ, ಆಮೇಲೆ ಅದ್ದುವ ಆಮ್ಲಕ್ಕೆ ಸಿಕ್ಕ ಮುತ್ತಿನ ಕಾಂತಿ ಮರಳುವುದಿಲ್ಲ.