ರಿಚರ್ಡ್ ಮೈನರ್ಟ್ಸ್‌ಹಾಗನ್

ಕರ್ನಲ್ ರಿಚರ್ಡ್ ಮೈನರ್ಟ್ಸ್‌ಹಾಗನ್ (3 ಮಾರ್ಚ್ 1878 – 17 ಜೂನ್ 1967) ಬ್ರಿಟಿಷ್ ಸೇನಾಧಿಕಾರಿ, ಮೊದಲನೆಯ ಮಹಾಯುದ್ಧ ಕಾಲದ ಗುಪ್ತಚರ ಅಧಿಕಾರಿ ಹಾಗೂ ಪಕ್ಷಿತಜ್ಞ. ಬೆಂಗಳೂರು ದಂಡಿನ ಮತ್ತು ಮೈಸೂರು ಸಂಸ್ಥಾನದ ಪಡೆಗಳು ಹೋರಾಡಿದ ಎರಡು ರಣರಂಗಗಳಲ್ಲಿ ಈತ ಬೇಹುಗಾರಿಕೆಯ ಹೊಣೆ ಹೊತ್ತಿದ್ದನು.

ಆರಂಭಿಕ ಸೇವೆ

ಲಂಡನ್ನಿನಲ್ಲಿ ಜನಿಸಿದ ಈತ 1899ರಲ್ಲಿ ರಾಯಲ್ ಫ್ಯುಸಿಲಿಯರ್ಸ್ ಪಡೆಯನ್ನು ಸೇರಿ ಭಾರತಕ್ಕೆ ಬಂದನು. 1902ರಲ್ಲಿ ಕಿಂಗ್ಸ್ ಆಫ್ರಿಕನ್ ರೈಫಲ್ಸ್‌ಗೆ ವರ್ಗವಾದನು. 1905ರ ಅಕ್ಟೋಬರ್‌ನಲ್ಲಿ ಸಂಧಾನಕ್ಕೆಂದು ಏರ್ಪಟ್ಟ ಭೇಟಿಯಲ್ಲಿ ಕೀನ್ಯಾದ ನಂದಿ ಜನರ ನಾಯಕ ಕೊಯ್ತಲೆಲ್ ಅರಪ್ ಸಮೊಯಿಯನ್ನು ಗುಂಡಿಟ್ಟು ಕೊಂದನು. ವಿಚಾರಣೆಯಲ್ಲಿ ನಿರ್ದೋಷಿ ಎನಿಸಿದರೂ ಅಲ್ಲಿಂದ ಹಿಂದಿರುಗಬೇಕಾಯಿತು.

ಪೂರ್ವ ಆಫ್ರಿಕಾ

1914ರ ನವೆಂಬರ್‌ನಲ್ಲಿ ಜರ್ಮನ್ ಪೂರ್ವ ಆಫ್ರಿಕಾದ ಟಾಂಗಾ ಬಂದರಿನ ಮೇಲೆ ನಡೆದ ದಾಳಿಯಲ್ಲಿ 27ನೆಯ ಬೆಂಗಳೂರು ಬ್ರಿಗೇಡ್ ಪಾಲ್ಗೊಂಡಿತು. ಹಲಸೂರು, ಮರ್ಫಿ ಟೌನ್ ಮೊದಲಾದ ಬಡಾವಣೆಗಳಿಗೆ ಸೇನಾ ಹಿನ್ನೆಲೆ ಒದಗಿಸಿದ ದಂಡಿನ ಹೆಸರನ್ನೇ ಈ ಬ್ರಿಗೇಡ್ ಹೊತ್ತಿತ್ತು. ಸುಮಾರು 8,000 ಜನರ ಪಡೆಯನ್ನು ಸುಮಾರು 1,000 ಜನರ ಜರ್ಮನ್ ಪಡೆ ಹಿಮ್ಮೆಟ್ಟಿಸಿತು. ಶತ್ರುವಿನ ಬಲಾಬಲವನ್ನು ಮೊದಲೇ ಸರಿಯಾಗಿ ಅರಿಯದಿದ್ದುದು ಸೋಲಿನ ಕಾರಣಗಳಲ್ಲಿ ಒಂದು. ಅನಂತರ ಮೈನರ್ಟ್ಸ್‌ಹಾಗನ್ ಸ್ಥಳೀಯ ಬೇಹುಗಾರರ ಜಾಲವನ್ನು ಕಟ್ಟಿದನು. ಜರ್ಮನ್ ಶಿಬಿರಗಳ ಶೌಚಸ್ಥಳಗಳಲ್ಲಿ ಎಸೆದ ಕಾಗದಗಳನ್ನು ಆಯಿಸಿ, ಅವುಗಳಿಂದಲೂ ಮಾಹಿತಿ ಪಡೆಯುತ್ತಿದ್ದನು.

ಪ್ಯಾಲೆಸ್ಟೈನ್

1917ರಲ್ಲಿ ಜನರಲ್ ಅಲೆನ್‌ಬಿಯ ಸೇನೆಯ ಗುಪ್ತಚರ ವಿಭಾಗವನ್ನು ಸೇರಿದನು. ಮುಂದಿನ ಆಕ್ರಮಣ ಗಾಜಾದ ಮೇಲೆಯೇ ನಡೆಯುವುದೆಂದು ತೋರಿಸುವ ಸುಳ್ಳು ಕಾಗದಗಳಿದ್ದ ಚೀಲವನ್ನು ಅಕ್ಟೋಬರ್‌ನಲ್ಲಿ ತುರ್ಕರ ಕೈಗೆ ಸಿಗುವಂತೆ ಬೀಳಿಸಲಾಯಿತು. ಅಕ್ಟೋಬರ್ 31ರಂದು ಬೀರ್‌ಶೆಬಾ ಬ್ರಿಟಿಷರ ವಶವಾಯಿತು. ಇದೇ ರಂಗದಲ್ಲಿದ್ದ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾ ವಿಜಯದಲ್ಲಿ ಭಾಗಿಯಾಯಿತು. ಅದರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ವಿಶ್ವಾಸಾರ್ಹತೆಯ ಪ್ರಶ್ನೆ

ಚೀಲದ ತಂತ್ರ ತನ್ನದೇ ಎಂದು ಮೈನರ್ಟ್ಸ್‌ಹಾಗನ್ ಹೇಳಿಕೊಂಡಿದ್ದನು. ಆದರೆ ಯೋಜನೆ ಜೆ.ಡಿ. ಬೆಲ್‌ಗ್ರೇವ್‌ನದು, ಚೀಲ ಬೀಳಿಸಿದವನು ಆರ್ಥರ್ ನೀಟ್ ಎಂದು ಬ್ರಯಾನ್ ಗಾರ್ಫೀಲ್ಡ್ 2007ರ ಕೃತಿಯಲ್ಲಿ ವಾದಿಸಿದನು. ಮೈನರ್ಟ್ಸ್‌ಹಾಗನ್‌ನ ದಿನಚರಿಗಳನ್ನು ಇತಿಹಾಸಕಾರರು ಈಗ ಇತರ ಆಧಾರಗಳಿಲ್ಲದೆ ಒಪ್ಪುವುದಿಲ್ಲ.

ಪಕ್ಷಿಶಾಸ್ತ್ರದಲ್ಲಿಯೂ ಇದೇ ದೋಷ ಬಯಲಾಯಿತು. 1937ರಲ್ಲಿ ಸಲೀಂ ಅಲಿಯವರೊಡನೆ ಅಫ್ಘಾನಿಸ್ತಾನದಲ್ಲಿ ಸಂಚರಿಸಿದ್ದ ಈತನ ಸಂಗ್ರಹದಲ್ಲಿ ಕದ್ದ ಮಾದರಿಗಳೂ ಸುಳ್ಳು ಚೀಟಿಗಳೂ ಇದ್ದುವೆಂದು 1990ರ ದಶಕದಲ್ಲಿ ಪಮೇಲಾ ರಾಸ್‌ಮುಸೆನ್ ಮತ್ತು ರಾಬರ್ಟ್ ಪ್ರಿಸ್-ಜೋನ್ಸ್ ತೋರಿಸಿದರು. ತಾನು 1914ರಲ್ಲಿ ಗುಜರಾತಿನಲ್ಲಿ ಹಿಡಿದುದೆಂದು ಈತ ಹೇಳಿದ್ದ ಕಾಡು ಗೂಬೆ, ವಾಸ್ತವವಾಗಿ 1880ರ ದಶಕದಲ್ಲಿ ಜೇಮ್ಸ್ ಡೇವಿಡ್‌ಸನ್ ಸಂಗ್ರಹಿಸಿದುದು. ಆ ಸುಳ್ಳು ನೆಲೆಯನ್ನು ಬಿಟ್ಟು ಹಳೆಯ ನಿಜವಾದ ನೆಲೆಗಳಲ್ಲಿ ಹುಡುಕಿದಾಗ, 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಮತ್ತೆ ಕಂಡುಬಂದಿತು.